ಊಟದ ಕೈ ತೊಳೆದ ಮೇಲೆ ಚಪ್ಪಲಿ

ಕೇಳುಗರೆಲ್ಲರಿಗೂ ನಮಸ್ಕಾರ. ಇಂದು ರಾಮನವಮಿ. ಪಾನಕ, ಕೋಸಂಬರಿ ಎಲ್ಲ ಆಗಿರಬೇಕು. ಯುಗಾದಿ ಕಳೆದು ಒಂದು ವಾರ ದಾಟಿತು. ಅಂದು ಬೇವುಬೆಲ್ಲ ಬಾಯಿಗೆ ಹಾಕಿಕೊಳ್ಳುವಾಗ ನಿಮ್ಮಲ್ಲಿ ಹಲವರು ಮನಸ್ಸಿನಲ್ಲೇ ಒಂದು ಸಂಕಲ್ಪ ಮಾಡಿರುತ್ತೀರಿ. ಐದು ಗಂಟೆಗೆ ಏಳುತ್ತೇನೆ, ದಿನಕ್ಕೊಂದು ಗಂಟೆ ನಡೆಯುತ್ತೇನೆ, ಸಕ್ಕರೆ ಮುಟ್ಟುವುದಿಲ್ಲ ಎಂದು. ಆ ಸಂಕಲ್ಪ ಈಗ ಎಲ್ಲಿದೆ?

ನಿಂತುಹೋಗಿದ್ದರೆ ಸಂಕಟಪಡಬೇಡಿ. ಮೂವತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯವರನ್ನು ನೋಡುತ್ತಿರುವ ವೈದ್ಯ ನಾನು. ಮನಸ್ಸು ಗಟ್ಟಿಯಿಲ್ಲದೆ ಸೋತವರನ್ನು ನಾನು ಕಂಡದ್ದು ಕಡಿಮೆ. ಹೊತ್ತುಕೊಂಡ ಮೂಟೆ ದೊಡ್ಡದಾಗಿ ಕುಸಿದವರೇ ಹೆಚ್ಚು. ಇಂದು ನಾನು ಹೇಳಬೇಕೆಂದಿರುವುದು ಒಂದೇ ಮಾತು. ಊಟದ ಕೈ ತೊಳೆದ ಮೇಲೆ ಚಪ್ಪಲಿ ಮೆಟ್ಟಿಕೊಳ್ಳಿ. ಹತ್ತು ನಿಮಿಷ ನಡೆದು ಬನ್ನಿ. ಇಷ್ಟೇ.

ನನ್ನಲ್ಲಿಗೆ ಒಬ್ಬ ದರ್ಜಿ ಬರುತ್ತಾರೆ. ಹೆಸರು ಬೇಡ. ಬೆಳಿಗ್ಗೆ ಹತ್ತಕ್ಕೆ ಹೊಲಿಗೆ ಯಂತ್ರದ ಮುಂದೆ ಕುಳಿತರೆ ರಾತ್ರಿ ಎಂಟಕ್ಕೆ ಏಳುವ ಮನುಷ್ಯ. ಐವತ್ತೆರಡನೆಯ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾಯಿತು. ಆ ವರ್ಷದ ಯುಗಾದಿಗೆ ಅವರು ಹೊಸ ಶೂ ಕೊಂಡರು. ಮರುದಿನ ಕತ್ತಲಿರುವಾಗಲೇ ಎದ್ದು ಕುಕ್ಕರಹಳ್ಳಿ ಕೆರೆಗೆ ಹೋಗಿ ಒಂದೂವರೆ ಗಂಟೆ ನಡೆದರು. ಎರಡನೆಯ ದಿನವೂ ನಡೆದರು. ಮೂರನೆಯ ದಿನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು. ನಾಲ್ಕನೆಯ ದಿನ ಯಾರದೋ ಮದುವೆಗೆ ಹನ್ನೆರಡು ರವಿಕೆ ಹೊಲಿಯುವ ತುರ್ತು ಬಂತು. ಶೂ ಮತ್ತೆ ಡಬ್ಬಿ ಸೇರಿತು. ಮರುವರ್ಷದ ಯುಗಾದಿಗೂ ಇದೇ ಕಥೆ, ಈ ಬಾರಿ ಐದು ದಿನ.

ಮೂರನೆಯ ವರ್ಷ ಅವರು ನನ್ನೆದುರು ಕುಳಿತು, "ಡಾಕ್ಟರೇ, ನನಗೆ ಛಲವಿಲ್ಲ, ಮಾತ್ರೆಯನ್ನೇ ಜಾಸ್ತಿ ಮಾಡಿ" ಎಂದರು. ನನಗೆ ಸಿಟ್ಟು ಬಂತು. ಹದಿನಾರನೆಯ ವಯಸ್ಸಿನಿಂದ ಒಂದು ದಿನವೂ ಅಂಗಡಿ ತಪ್ಪಿಸದ ಮನುಷ್ಯನಿಗೆ ಛಲವಿಲ್ಲವೇ? ರಾತ್ರಿ ಊಟವಾದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದೆ. ಕೈ ತೊಳೆದು, ಅಡಿಕೆ ಬಾಯಿಗೆ ಹಾಕಿಕೊಂಡು, ಟಿ.ವಿ. ಮುಂದೆ ಕುಳಿತುಕೊಳ್ಳುತ್ತೇನೆ ಎಂದರು. "ಅಡಿಕೆಯ ಜಾಗದಲ್ಲಿ ಚಪ್ಪಲಿ ಇಡಿ. ಕೈ ತೊಳೆದ ತಕ್ಷಣ ಬೀದಿ ಕೊನೆಯ ಅರಳಿಕಟ್ಟೆಯವರೆಗೆ ಹೋಗಿ, ಅದನ್ನು ಮುಟ್ಟಿ ವಾಪಸ್ ಬನ್ನಿ. ಶೂ ಬೇಡ, ಅಲಾರಂ ಬೇಡ, ಕೆರೆಯೂ ಬೇಡ" ಎಂದೆ. ಅವರಿಗೆ ಅವಮಾನವಾದಂತಾಯಿತು. ಅಷ್ಟಕ್ಕೆ ಏನಾಗುತ್ತದೆ ಎಂದರು. ಮೂರು ತಿಂಗಳು ಮಾಡಿ, ಆಮೇಲೆ ಜಗಳವಾಡೋಣ ಎಂದು ಕಳುಹಿಸಿದೆ.

ಅವರ ಹೆಂಡತಿ ಚಪ್ಪಲಿಯನ್ನು ಬಚ್ಚಲಿನ ಹತ್ತಿರ ಬಿಡಲು ಒಪ್ಪಲಿಲ್ಲವಂತೆ. ಕೈ ಒರೆಸುವ ಟವೆಲನ್ನೇ ಒಯ್ದು ಮುಂಬಾಗಿಲಿನ ಮೊಳೆಗೆ ನೇತುಹಾಕಿದರು. ಒದ್ದೆ ಕೈ ಒರೆಸಬೇಕಾದರೆ ಬಾಗಿಲಿಗೆ ಬರಲೇಬೇಕು, ಬಾಗಿಲಿಗೆ ಬಂದರೆ ಚಪ್ಪಲಿ ಕಾಲಬುಡದಲ್ಲೇ ಇದೆ! ಎಂಥ ಬುದ್ಧಿ ನೋಡಿ. ನಾನು ಓದಿದ ಯಾವ ವೈದ್ಯಕೀಯ ಪುಸ್ತಕದಲ್ಲೂ ಆ ಮೊಳೆ ಇರಲಿಲ್ಲ. ತಿಂಗಳೊಳಗೆ ಹೆಂಡತಿಯೂ ಜೊತೆಗೆ ಹೊರಟರು. ಕಟ್ಟೆ ಮುಟ್ಟಿ ಬರುವುದು ಕಟ್ಟೆಗೆ ಎರಡು ಸುತ್ತು ಹಾಕುವುದಾಯಿತು, ಆಮೇಲೆ ಪಕ್ಕದ ಬೀದಿಗೂ ಬೆಳೆಯಿತು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆ ಇದೆಯಲ್ಲ, ಅದರಲ್ಲಿ 9.1 ಇದ್ದದ್ದು ಆ ವರ್ಷದ ದೀಪಾವಳಿಯ ಹೊತ್ತಿಗೆ 7.6ಕ್ಕೆ ಇಳಿದಿತ್ತು. ಮಾತ್ರೆ ಹಳೆಯದೇ, ಒಂದೂ ಹೆಚ್ಚಿಸಿರಲಿಲ್ಲ. ಜಗಳವಾಡಲು ಅವರು ಬರಲೇ ಇಲ್ಲ.

ಇದು ಪವಾಡವಲ್ಲ. ಉಂಡ ಅನ್ನ, ಮುದ್ದೆ, ಚಪಾತಿ ಎಲ್ಲವೂ ಗ್ಲೂಕೋಸ್ ಆಗಿ ರಕ್ತಕ್ಕೆ ಇಳಿಯುತ್ತದೆ. ಉಂಡು ಸುಮಾರು ಒಂದು ಗಂಟೆಯ ಹೊತ್ತಿಗೆ ಅದರ ಏರಿಕೆ ಹೆಚ್ಚು. ಆ ಹೊತ್ತಿನಲ್ಲಿ ನೀವು ನಡೆದರೆ ತೊಡೆ, ಮೀನಖಂಡಗಳ ಸ್ನಾಯುಗಳು ಆ ಗ್ಲೂಕೋಸನ್ನು ಸೌದೆಯಂತೆ ಎಳೆದುಕೊಂಡು ಉರಿಸುತ್ತವೆ. ದುಡಿಯುವ ಸ್ನಾಯು ಇನ್ಸುಲಿನ್‌ಗಾಗಿ ಕಾಯುತ್ತಾ ಕೂರುವುದಿಲ್ಲ. ಉಂಡು ನೂರಡಿ ಇಡಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ಸುಮ್ಮನೆಯೇ? 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಅವರಿಗೆಲ್ಲ ಊಟವಿದೆ, ಕೈ ತೊಳೆಯುವುದಿದೆ. ಅದರ ಬೆನ್ನಿಗೆ ಚಪ್ಪಲಿಯೊಂದನ್ನು ಕಟ್ಟಿದರೆ ಸಾಕು.

ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಈ ಮಾತನ್ನು ದಯವಿಟ್ಟು ಮರೆತುಬಿಡಿ. ಇದನ್ನು ನಂಬಿ ಇಪ್ಪತ್ತೆರಡನೆಯ ದಿನ ಕೈಚೆಲ್ಲಿದವರನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಹನ್ನೆರಡು ವಾರ ಗಮನಿಸಿದರು. ಒಂದು ಚಿಕ್ಕ ಕೆಲಸ ತಾನಾಗಿಯೇ ಆಗುವಂತಾಗಲು ಸರಾಸರಿ 66 ದಿನ ಬೇಕು ಎಂದು ಕಂಡುಕೊಂಡರು. ಕೆಲವರಿಗೆ 18 ದಿನ ಸಾಕು, ಇನ್ನು ಕೆಲವರಿಗೆ 254 ದಿನ ಬೇಕಾಗಬಹುದು ಎಂಬ ಲೆಕ್ಕ ಬಂತು. ನನಗೆ ಅದಕ್ಕಿಂತ ಸಂತೋಷ ಕೊಟ್ಟ ವಿಷಯ ಬೇರೆ. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡುವುದಿಲ್ಲ ಎಂಬುದೂ ಅದೇ ಅಧ್ಯಯನದಲ್ಲಿ ಕಂಡುಬಂತು. ಮಳೆ ಬಂತು, ನೆಂಟರು ಬಂದರು, ತಪ್ಪಿತು. ನಾಳೆ ಊಟವಿದೆಯಲ್ಲ? ಕೈ ತೊಳೆಯಿರಿ, ಚಪ್ಪಲಿ ಮೆಟ್ಟಿರಿ.

ಹತ್ತು ಸಾವಿರ ಹೆಜ್ಜೆಯ ಲೆಕ್ಕವನ್ನೂ ತಲೆಯಿಂದ ತೆಗೆಯಿರಿ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಯಂತ್ರವನ್ನು ಮಾರಲು ಇಟ್ಟ ಹೆಸರಿನಿಂದ ಅದು ಹಬ್ಬಿತು. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ 150 ನಿಮಿಷಗಳ ಚಟುವಟಿಕೆ. ಎರಡು ಹೊತ್ತು ಉಂಡು ಹತ್ತು ಹತ್ತು ನಿಮಿಷ ಚುರುಕಾಗಿ ನಡೆದರೆ ವಾರಕ್ಕೆ 140 ಆಯಿತು. ಉಳಿದ ಹತ್ತು ನಿಮಿಷ ತರಕಾರಿ ತರಲು ಹೋದಾಗ ಸಿಗುತ್ತದೆ.

ಉಪ್ಪಿನ ಬಗ್ಗೆ, ನಿದ್ದೆಯ ಬಗ್ಗೆಯೂ ಹೇಳಬೇಕೆಂದು ಬರೆದುಕೊಂಡು ಬಂದಿದ್ದೆ. ದರ್ಜಿಯವರ ಕಥೆಯೇ ಸಮಯವನ್ನೆಲ್ಲ ತೆಗೆದುಕೊಂಡಿತು. ಉಪ್ಪು ದಿನಕ್ಕೆ ಐದು ಗ್ರಾಮ್ ಮೀರದಿರಲಿ, ಅಂದರೆ ಒಂದು ಟೀ ಚಮಚ, ಉಪ್ಪಿನಕಾಯಿ ಹಪ್ಪಳವೂ ಸೇರಿ. ಮಲಗುವಾಗ ಮೊಬೈಲನ್ನು ಇನ್ನೊಂದು ಕೋಣೆಯಲ್ಲಿಡಿ. ಇವೆರಡನ್ನೂ ಇವತ್ತೇ ಹಿಡಿಯಬೇಡಿ. ಮೊದಲು ಚಪ್ಪಲಿ.

ಈಗ ರಾತ್ರಿ ಎಂಟೂವರೆಯ ಸಮಯ. ಕೆಲವರದು ಊಟವಾಗಿದೆ, ಕೆಲವರು ಕೈ ತೊಳೆಯುತ್ತಿದ್ದೀರಿ. ನನ್ನ ನಂತರ ಒಳ್ಳೆಯ ಹಾಡುಗಳಿವೆ. ರೇಡಿಯೋ ಆರಿಸಬೇಡಿ, ದನಿ ಸ್ವಲ್ಪ ದೊಡ್ಡದು ಮಾಡಿ ಕಿಟಕಿ ತೆರೆದಿಡಿ, ಬೀದಿಗೂ ಕೇಳಿಸಲಿ. ಬಾಗಿಲ ಹತ್ತಿರ ಚಪ್ಪಲಿ ಇದೆಯೇ, ನೋಡಿ. ನಮಸ್ಕಾರ.