ಮೊದಲು ಎತ್ತರ, ಆಮೇಲೆ ದೂರ

ಕೇಳುಗರಿಗೆ ನಮಸ್ಕಾರ.

ಕಲಬುರಗಿಯ ರಿಂಗ್ ರಸ್ತೆಯಲ್ಲಾಗಲಿ, ಹುಮನಾಬಾದ್ ಮೇಲೆ ಬೀದರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಾಗಲಿ, ಇಂದು ಕಾರು ನಡೆಸುವವರಲ್ಲಿ ಐದು ಅಡಿಯ ಆಸುಪಾಸಿನ ಎತ್ತರದವರು ಬಹಳ ಮಂದಿ ಇದ್ದಾರೆ; ಅವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಸೀಟನ್ನು ಪೂರ್ತಿ ಮುಂದಕ್ಕೆ ಎಳೆದುಕೊಂಡು, ಬೆನ್ನಿಗೆ ಆಸರೆಯಿಲ್ಲದೆ, ಎದೆಯನ್ನು ಸ್ಟಿಯರಿಂಗಿಗೆ ತಾಗುವಷ್ಟು ಹತ್ತಿರ ತಂದು, ಗದ್ದ ಮೇಲೆತ್ತಿ ರಸ್ತೆ ನೋಡುವ ಅವರ ಭಂಗಿಯನ್ನು ಕಂಡಾಗಲೆಲ್ಲ, ಕಾರು ಕಲಿಸುವ ಕೆಲಸದಲ್ಲಿರುವ ನನಗೆ ಆತಂಕವಾಗುತ್ತದೆ. ಕಾಲು ಎಟುಕದಿರುವುದು ಒಂದು ತೊಂದರೆ, ರಸ್ತೆ ಕಾಣದಿರುವುದು ಇನ್ನೊಂದು. ಎರಡಕ್ಕೂ ಸೀಟನ್ನು ಮುಂದೆ ಎಳೆಯುವುದೊಂದೇ ಉಪಾಯವೆಂದು ನಂಬಿದ್ದರಿಂದ ಈ ಭಂಗಿ ರೂಢಿಯಾಗಿದೆ. ಎತ್ತರವನ್ನು ಮೊದಲು ಹೊಂದಿಸಿಕೊಂಡು, ದೂರವನ್ನು ಆಮೇಲೆ ನೋಡಿಕೊಂಡರೆ ಹೆಚ್ಚಿನವರ ತೊಂದರೆ ಅಲ್ಲಿಗೇ ಅರ್ಧ ಇಳಿಯುತ್ತದೆ.

ಇತ್ತೀಚಿನ ಅನೇಕ ಕಾರುಗಳಲ್ಲಿ ಚಾಲಕರ ಸೀಟಿನ ಬಲಮಗ್ಗುಲಲ್ಲಿ, ಬಾಗಿಲಿನ ಕಡೆಗೆ, ಸೀಟನ್ನು ಏರಿಸಿ ಇಳಿಸುವ ಉದ್ದನೆಯ ಹಿಡಿ ಇರುತ್ತದೆ. ಅದನ್ನು ಮತ್ತೆ ಮತ್ತೆ ಮೇಲಕ್ಕೆ ಎತ್ತುತ್ತ ಹೋದರೆ ಸೀಟು ಸ್ವಲ್ಪ ಸ್ವಲ್ಪವಾಗಿ ಏರುತ್ತದೆ. ಸ್ಟಿಯರಿಂಗ್ ಚಕ್ರದ ಮೇಲಂಚಿಗಿಂತ ನಿಮ್ಮ ದೃಷ್ಟಿ ಕನಿಷ್ಠ ಏಳೆಂಟು ಸೆಂಟಿಮೀಟರ್ ಮೇಲಿರುವಂತೆ ಏರಿಸಿಕೊಳ್ಳಿ. ಚಕ್ರದ ಸಂದಿಯಿಂದ ರಸ್ತೆ ನೋಡುವ ಪರಿಸ್ಥಿತಿ ಇರಬಾರದು. ಆದರೆ ಏರಿಸುವುದಕ್ಕೂ ಒಂದು ಮಿತಿಯಿದೆ. ಹಿಮ್ಮಡಿ ನೆಲಕ್ಕೆ ಊರಿದ್ದು, ಮುಂಗಾಲು ಬ್ರೇಕಿನಿಂದ ಎಕ್ಸಲರೇಟರಿಗೆ ಸಲೀಸಾಗಿ ಹೊರಳಬೇಕು. ಹಿಮ್ಮಡಿ ಗಾಳಿಯಲ್ಲಿ ತೂಗಾಡಿದರೆ ಸೀಟು ಅತಿಯಾಗಿ ಏರಿದೆ ಎಂದೇ ಅರ್ಥ.

ಕಡಿಮೆ ಬೆಲೆಯ ಮಾದರಿಗಳಲ್ಲಿ ಈ ಹಿಡಿ ಇರುವುದಿಲ್ಲ. ಆಗ ಜನ ಮನೆಯಲ್ಲಿರುವ ದಿಂಬನ್ನೋ ಕೌದಿಯನ್ನೋ ಹಾಕಿಕೊಂಡು ಕೂಡುತ್ತಾರೆ. ಸೇಡಂ ಕಡೆಯಿಂದ ಬರುತ್ತಿದ್ದ ಶಿಕ್ಷಕಿಯೊಬ್ಬರು ನಾಲ್ಕು ಮಡಿಕೆಯ ಕೌದಿಯ ಮೇಲೆ ಕುಳಿತೇ ಕಲಿಯುತ್ತಿದ್ದರು. "ಅಕ್ಕೋರೆ, ಕೌದಿ ತೆಗೀರಿ" ಎಂದರೆ, "ತೆಗದ್ರ ರಸ್ತಾ ಕಾಣಂಗಿಲ್ರಿ" ಎನ್ನುತ್ತಿದ್ದರು. ಅವರ ಮಾತು ನಿಜವೂ ಆಗಿತ್ತು. ಖಾಲಿ ಮೈದಾನದಲ್ಲಿ ನಿಧಾನವಾಗಿ ಸಾಗುವಾಗ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಲು ಹೇಳಿದೆ. ಕೌದಿ ಜಾರಿತು, ಕೌದಿಯ ಜೊತೆಗೆ ಅವರೂ ಮುಂದೆ ಜಾರಿದರು. ಸೊಂಟದ ಮೇಲಿದ್ದ ಬೆಲ್ಟ್ ಹೊಟ್ಟೆಗೆ ಏರಿ ಕುಳಿತಿತ್ತು. ನಿಜವಾದ ಅಪಘಾತದಲ್ಲಿ ಹೀಗಾದರೆ, ಸೊಂಟದ ಗಟ್ಟಿ ಎಲುಬು ತಡೆದುಕೊಳ್ಳಬೇಕಾದ ಬಲವೆಲ್ಲ ಕರುಳು, ಯಕೃತ್ತಿನಂಥ ಮೃದು ಅಂಗಗಳ ಮೇಲೆ ಬೀಳುತ್ತದೆ. ಆದ್ದರಿಂದ ಮೆತ್ತೆ ಹಾಕಲೇಬೇಕಾದಲ್ಲಿ, ಕೂತರೆ ಕುಗ್ಗದ ಗಟ್ಟಿ ಫೋಮಿನದು, ತಳದಲ್ಲಿ ಜಾರದ ರಬ್ಬರ್ ಇರುವಂಥದು, ಅಗತ್ಯಕ್ಕಿಂತ ದಪ್ಪವಿಲ್ಲದ್ದು ಇರಲಿ. ಹಾಕಿಕೊಂಡ ಮೇಲೆ ಜನರಿಲ್ಲದ ಬಯಲಿನಲ್ಲಿ ಬ್ರೇಕ್ ಒತ್ತಿ ನೋಡಿ, ಅದು ಅಲುಗುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಬೆನ್ನ ಹಿಂದೆ ದಪ್ಪ ದಿಂಬು ಇಡುವುದಂತೂ ಬೇಡ, ಅದು ನಿಮ್ಮನ್ನು ಸ್ಟಿಯರಿಂಗಿನತ್ತಲೇ ದೂಡುತ್ತದೆ.

ಎತ್ತರ ಹೊಂದಿದ ಮೇಲೆ ದೂರದ ಮಾತು. ಗೇರ್ ಇರುವ ಕಾರಿನಲ್ಲಿ ಇದನ್ನು ನಿರ್ಣಯಿಸುವುದು ಕ್ಲಚ್, ಏಕೆಂದರೆ ಅದನ್ನು ಪ್ರತಿ ಸಲವೂ ತಳದವರೆಗೆ ಒತ್ತಬೇಕಾಗುತ್ತದೆ. ಬೆನ್ನು ಮತ್ತು ಸೊಂಟ ಸೀಟಿಗೆ ಪೂರ್ತಿ ಆನಿಕೊಂಡಿರುವಾಗಲೇ ಎಡಗಾಲು ಕ್ಲಚ್ಚನ್ನು ಕೊನೆಯವರೆಗೆ ಒತ್ತಬೇಕು, ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿರಬೇಕು. ಬ್ರೇಕನ್ನು ಪರೀಕ್ಷಿಸುವಾಗ ಎಂಜಿನ್ ಚಾಲೂ ಇರಲಿ. ಎಂಜಿನ್ ನಿಂತಿದ್ದರೆ ಬ್ರೇಕ್ ಗಟ್ಟಿಯಾಗುವುದರಿಂದ ಕಾಲಿನ ಅಂದಾಜು ತಪ್ಪುತ್ತದೆ. ಜಾರುವ ಚಪ್ಪಲಿ, ಎತ್ತರದ ಹಿಮ್ಮಡಿಯ ಪಾದರಕ್ಷೆ, ಪೆಡಲಿಗೆ ಸಿಗುವಂತೆ ಇಳಿಬಿದ್ದ ಸೀರೆಯ ನೆರಿಗೆ, ಈ ಮೂರೂ ಅಪಾಯಕರ.

ಈಗ ಎಲ್ಲಕ್ಕಿಂತ ಮುಖ್ಯವಾದ ಅಳತೆ. ಎದೆಯ ನಡುವಿನ ಎಲುಬಿಗೂ ಸ್ಟಿಯರಿಂಗ್ ಚಕ್ರದ ಮಧ್ಯಭಾಗಕ್ಕೂ ಕನಿಷ್ಠ 25 ಸೆಂಟಿಮೀಟರ್ ಅಂತರವಿರಬೇಕು. ಅಳತೆಪಟ್ಟಿ ಬೇಕೆಂದಿಲ್ಲ, ನಿಮ್ಮದೇ ಒಂದು ಗೇಣು ಮತ್ತು ಅದರ ಮೇಲೆ ನಾಲ್ಕು ಬೆರಳು ಇಟ್ಟು ನೋಡಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. 2019ರ ಜುಲೈನಿಂದ ನಮ್ಮ ದೇಶದ ಹೊಸ ಕಾರುಗಳಲ್ಲಿ ಚಾಲಕರ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಡಿಕ್ಕಿಯಾದಾಗ ಅದು ಕಣ್ಣು ಮಿಟುಕಿಸುವುದರೊಳಗೆ ಉಬ್ಬುತ್ತದೆ, ಮತ್ತು ಉಬ್ಬುವಾಗಿನ ಮೊದಲ ಐದರಿಂದ ಎಂಟು ಸೆಂಟಿಮೀಟರುಗಳಲ್ಲಿ ಅದರ ರಭಸ ಅತ್ಯಂತ ತೀವ್ರವಾಗಿರುತ್ತದೆ. ಎದೆಯನ್ನು ಅಲ್ಲಿಯೇ ಒಡ್ಡಿಕೊಂಡು ಕುಳಿತವರಿಗೆ, ಕಾಪಾಡಬೇಕಾದ ಚೀಲದಿಂದಲೇ ಪೆಟ್ಟಾಗಬಹುದು.

ಇಷ್ಟು ಅಂತರ ಸಿಗದಿದ್ದರೆ ಸೀಟಿನ ಬೆನ್ನನ್ನು ಸ್ವಲ್ಪವೇ ಹಿಂದಕ್ಕೆ ವಾಲಿಸಿ, ಅದರಿಂದ ನೋಟ ತಗ್ಗಿದರೆ ಸೀಟನ್ನು ಇನ್ನೊಂದಿಷ್ಟು ಏರಿಸಿ. ಸ್ಟಿಯರಿಂಗನ್ನು ಹಿಂದೆ ಮುಂದೆ ಸರಿಸುವ ಸೌಕರ್ಯವಿದ್ದರೆ ಅದನ್ನು ಡ್ಯಾಶ್‌ಬೋರ್ಡಿನ ಕಡೆಗೆ ತಳ್ಳಿ. ಬರೀ ಮೇಲೆ ಕೆಳಗೆ ಆಗುವಂತಿದ್ದರೆ, ಚಕ್ರದ ಮಧ್ಯಭಾಗ ಮುಖಕ್ಕೆ ಎದುರಾಗದೆ ಎದೆಗೆ ಎದುರಾಗುವಷ್ಟು ಇಳಿಸಿ. ಆಮೇಲೆ ತೊಡೆಗೆ ತಾಗದೆ ಚಕ್ರ ಪೂರ್ತಿ ತಿರುಗುತ್ತದೆಯೇ ಎಂಬುದನ್ನೂ ನೋಡಬೇಕು.

ಸೀಟ್ ಬೆಲ್ಟ್ ಕುತ್ತಿಗೆಗೆ ಒತ್ತುತ್ತದೆಂದು ಅನೇಕರು ಅದನ್ನು ಕಂಕುಳ ಕೆಳಗೆ ಹಾಯಿಸಿಕೊಳ್ಳುತ್ತಾರೆ, ಇಲ್ಲವೇ ಕ್ಲಿಪ್ ಹಾಕಿ ಸಡಿಲ ಮಾಡಿಕೊಳ್ಳುತ್ತಾರೆ. ದಯಮಾಡಿ ಎರಡನ್ನೂ ಮಾಡಬೇಡಿ. ಬಾಗಿಲ ಪಕ್ಕದ ಕಂಬದಲ್ಲಿ ಬೆಲ್ಟ್ ಹೊರಬರುವ ಕೊಂಡಿಯನ್ನು ಹಲವು ಕಾರುಗಳಲ್ಲಿ ಕೆಳಗೆ ಸರಿಸಬಹುದು. ಸೀಟು ಏರಿದಾಗಲೂ ಬೆಲ್ಟ್ ಕುತ್ತಿಗೆಯಿಂದ ಭುಜದ ನಡುವಿಗೆ ತಾನಾಗಿ ಸರಿಯುತ್ತದೆ. ಸೊಂಟದ ಪಟ್ಟಿ ತೊಡೆಯ ಬುಡದಲ್ಲಿ ತಗ್ಗಾಗಿ ಕೂಡಬೇಕು. ಗರ್ಭಿಣಿಯರಿಗೆ ಅದು ಹೊಟ್ಟೆಯ ಕೆಳಗೇ ಇರಬೇಕು.

ಕನ್ನಡಿಗಳನ್ನು ಹೊಂದಿಸುವುದು ಇದೆಲ್ಲ ಮುಗಿದ ಮೇಲೆ, ಮನೆಯ ಬೇರೊಬ್ಬರು ಅದೇ ಕಾರನ್ನು ನಡೆಸುವುದಾದರೆ ಪ್ರತಿ ಸಲವೂ. ಸೀಟನ್ನು ಎಷ್ಟೇ ಏರಿಸಿದರೂ ಬಾನೆಟ್ಟಿನ ಮುಂದಿನ ಒಂದಿಷ್ಟು ನೆಲ ಎತ್ತರ ಕಡಿಮೆಯಿರುವವರಿಗೆ ಕಾಣುವುದಿಲ್ಲ. ಹಳೆಯ ಬಡಾವಣೆಗಳ ಓಣಿಗಳಲ್ಲಿ ಕೂಸುಗಳೂ ಆಡಿನ ಮರಿಗಳೂ ಬಂದು ನಿಲ್ಲುವ ಜಾಗವೇ ಅದು. ಹತ್ತುವ ಮುಂಚೆ ಕಾರಿನ ಸುತ್ತ ಒಂದು ಸುತ್ತು ಹಾಕಿ ಬನ್ನಿ.

ಹೊಸ ಕಾರು ಕೊಳ್ಳುವವರು ಬಣ್ಣ, ಮೈಲೇಜ್ ವಿಚಾರಿಸುವ ಮೊದಲು ಸೀಟು ಏರುತ್ತದೆಯೇ, ಸ್ಟಿಯರಿಂಗ್ ಸರಿಯುತ್ತದೆಯೇ ಎಂದು ಕುಳಿತೇ ಪರೀಕ್ಷಿಸಬೇಕು. ಕಾರು ನಡೆಸುವವರು ಮನೆಯೊಡತಿಯಾಗಿದ್ದರೆ ಶೋರೂಮಿಗೆ ಅವರೇ ಹೋಗಬೇಕು. ಇಷ್ಟಾದರೂ ಕಾಲು ಎಟುಕದಿದ್ದರೆ ಪೆಡಲಿಗೆ ಜೋಡಿಸುವ ಸಾಧನಗಳಿವೆ. ಆದರೆ ಗ್ಯಾರೇಜಿನಲ್ಲಿ ಕಬ್ಬಿಣದ ತುಂಡೊಂದನ್ನು ಬೆಸುಗೆ ಹಾಕಿಸಿಕೊಂಡು ಹೆದ್ದಾರಿಗೆ ಇಳಿಯಬೇಡಿ, ಅದು ಕಳಚಿ ಬ್ರೇಕಿನಡಿ ಸಿಕ್ಕಿಕೊಂಡರೆ ಕಾರು ನಿಲ್ಲುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕುಬ್ಜತೆಯನ್ನೂ ಅಂಗವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ವಯಸ್ಕರಲ್ಲಿ 147 ಸೆಂಟಿಮೀಟರ್, ಅಂದರೆ 4 ಅಡಿ 10 ಇಂಚು ಅಥವಾ ಅದಕ್ಕಿಂತ ಕಡಿಮೆ ಎತ್ತರಕ್ಕೆ ಕಾರಣವಾಗುವ ಸ್ಥಿತಿ ಅದರಲ್ಲಿ ಬರುತ್ತದೆ. ವಾಹನವನ್ನು ತಮ್ಮ ದೇಹಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳಬೇಕಾದವರು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಮೊದಲು ವಿಚಾರಿಸಿ, ಅನುಮತಿ ಪಡೆದು, ಆ ಕೆಲಸ ಬಲ್ಲವರಿಂದಲೇ ಮಾಡಿಸಿಕೊಂಡು, ಮಾರ್ಪಾಡನ್ನು ನೋಂದಣಿ ಪತ್ರದಲ್ಲಿ ದಾಖಲು ಮಾಡಿಸಬೇಕು.

ನಮಸ್ಕಾರ.