ಮೊದಲು ಫ್ಯಾನ್ ನಿಲ್ಲಿಸಿ, ಆಮೇಲೆ ತೂಗಿ

ಎಲ್ಲರಿಗೂ ನಮಸ್ಕಾರ. ಅಂಗೈಯಲ್ಲಿ ಹಿಡಿಸುವ ಡಿಜಿಟಲ್ ತಕ್ಕಡಿ ಈಗ ಬರೀ ಸರಾಫರ ಅಂಗಡಿಯಲ್ಲಿಲ್ಲ. ರಾಣೆಬೆನ್ನೂರು ಕಡೆ ಹೈಬ್ರಿಡ್ ಬೀಜ ಮಾಡುವ ರೈತರ ಮನೆಯಲ್ಲಿದೆ, ಹುಬ್ಬಳ್ಳಿಯಲ್ಲಿ ಮನೆಯಲ್ಲೇ ಕೇಕು, ಸೋಪು ಮಾಡಿ ಮಾರುವವರ ಅಡುಗೆಮನೆಯಲ್ಲೂ ಇದೆ. ಪರದೆ ಮೇಲೆ 0.01 ಗ್ರಾಂ ಕಂಡ ಕೂಡಲೇ ನಾವು ನಂಬಿಬಿಡುತ್ತೇವೆ, ಅಲ್ವಾ? ಅಂಕಿ ತೋರಿಸುವುದು ಬೇರೆ, ಆ ಅಂಕಿ ಸರಿ ಇರುವುದು ಬೇರೆ. ಒಂದೇ ಉಂಗುರವನ್ನು ನಾಲ್ಕಾರು ಸಲ ಇಟ್ಟು ತೆಗೆದು ನೋಡಿ. ಕೊನೆಯ ಅಂಕಿ ಪ್ರತಿ ಸಲ ಬದಲಾದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಈ ತಕ್ಕಡಿಯೊಳಗೆ ಲೋಡ್ ಸೆಲ್ ಅಂತ ಒಂದು ಪುಟ್ಟ ಲೋಹದ ತುಂಡಿರುತ್ತದೆ. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಎಷ್ಟು ಬಾಗಿತು ಅನ್ನುವುದೇ ಪರದೆಯಲ್ಲಿ ಗ್ರಾಂ ಆಗಿ ಬರುತ್ತದೆ. ಬಾಗಿಸಿದ್ದು ಬಂಗಾರವೋ ಫ್ಯಾನಿನ ಗಾಳಿಯೋ ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಫ್ಯಾನ್ ನಿಲ್ಲಿಸಿ, ಅಲುಗಾಡುವ ಮೇಜು ಬಿಟ್ಟು ಕಲ್ಲಿನ ಕಟ್ಟೆ ಮೇಲೆ ಮಟ್ಟವಾಗಿ ಇಡಿ. ಬಿಸಿಲಲ್ಲಿ ನಿಂತ ಗಾಡಿಯ ಡಿಕ್ಕಿಯಿಂದ ತೆಗೆದ ತಕ್ಕಡಿಯಲ್ಲಿ ತಕ್ಷಣ ತೂಗಬೇಡಿ, ಅರ್ಧ ಗಂಟೆ ಕೋಣೆಯಲ್ಲಿ ತಣ್ಣಗಾಗಲಿ. ಚಳಿಗಾಲದ ಒಣ ಹವೆಯಲ್ಲಿ ಪ್ಲಾಸ್ಟಿಕ್ ಡಬ್ಬಿಯೂ ತೊಂದರೆ ಕೊಡುತ್ತದೆ. ಬೀಜ ಅದರ ಗೋಡೆಗೆ ಅಂಟಿ ನಿಂತರೆ ಸ್ಥಾಯಿ ವಿದ್ಯುತ್ ಇದೆ ಅಂತಲೇ ಅರ್ಥ, ಅದು ತೂಕವನ್ನೂ ಆಚೀಚೆ ಎಳೆಯುತ್ತದೆ. ಸ್ಟೀಲ್ ಬಟ್ಟಲು ಬಳಸಿ, ಮುಗಿಯಿತು.

ಜಾಸ್ತಿ ಜನ ಎಡವುವುದು ಇನ್ನೊಂದು ಕಡೆ. ಬಟ್ಟಲಿಟ್ಟು ಟೇರ್ ಗುಂಡಿ ಒತ್ತಿ ಸೊನ್ನೆ ಮಾಡಿ, ಮೆಣಸಿನಕಾಯಿ ಬೀಜವನ್ನು ಒಂದೊಂದೇ ಉದುರಿಸಿ ನೋಡಿ. ಒಂದು ಬೀಜ ಐದಾರು ಮಿಲಿಗ್ರಾಂ ಇರುತ್ತದೆ. ಹತ್ತು ಬೀಜ ಬಿದ್ದರೂ ಕೆಲವು ತಕ್ಕಡಿ ಸೊನ್ನೆ ಬಿಟ್ಟು ಕದಲುವುದಿಲ್ಲ! ಅದು ಕೆಟ್ಟಿಲ್ಲ. ಸೊನ್ನೆ ಹತ್ತಿರ ನಿಧಾನಕ್ಕೆ ಏನು ಏರಿದರೂ ಧೂಳೋ ಶಾಖವೋ ಇರಬೇಕು ಅಂತ ತಾನೇ ಅಳಿಸಿ ಮತ್ತೆ ಸೊನ್ನೆಗೆ ತರುವ ಏರ್ಪಾಡು ಅದರಲ್ಲಿರುತ್ತದೆ. ಟೇರ್ ಒತ್ತದೆ ಬಟ್ಟಲಿನ ತೂಕ ಬರೆದಿಟ್ಟುಕೊಂಡು ಆಮೇಲೆ ಕಳೆಯಿರಿ. ಇಲ್ಲವೇ ಬೀಜವನ್ನು ಬೇರೆ ಬಟ್ಟಲಲ್ಲಿ ಕೂಡಿಸಿಕೊಂಡು ಒಂದೇ ಸಲ ಸುರಿಯಿರಿ.

ಇನ್ನು ಕ್ಯಾಲಿಬ್ರೇಷನ್, ಅಂದರೆ ತೂಕ ಗೊತ್ತಿರುವ ಬಟ್ಟು ಇಟ್ಟು ತಕ್ಕಡಿಯನ್ನು ಸರಿ ಮಾಡುವುದು. ಕೊಂಡು ತಂದ ದಿನವೇ, ನಿಮ್ಮ ಊರಲ್ಲೇ ಮಾಡಬೇಕು. ಭೂಮಿಯ ಸೆಳೆತ ಎಲ್ಲ ಕಡೆ ಒಂದೇ ಇಲ್ಲ. ಭೂಮಧ್ಯರೇಖೆ ಹತ್ತಿರವಾದಷ್ಟೂ, ಊರು ಎತ್ತರದಲ್ಲಿದ್ದಷ್ಟೂ ಕಡಿಮೆ. ದೆಹಲಿಯಲ್ಲಿ ಸರಿ ಮಾಡಿದ ತಕ್ಕಡಿಯನ್ನು ಹಾಗೇ ತಂದು ಹುಬ್ಬಳ್ಳಿಯಲ್ಲಿ 100 ಗ್ರಾಂ ಬಟ್ಟು ಇಟ್ಟರೆ ಸುಮಾರು 0.1 ಗ್ರಾಂ ಕಡಿಮೆ ತೋರಿಸುತ್ತದೆ. ಅಂದರೆ 10 ಗ್ರಾಂ ಬಂಗಾರಕ್ಕೆ 10 ಮಿಲಿಗ್ರಾಂ, ಯಾರೂ ಕದಿಯದೆಯೇ ಹೋಯಿತು. ಬಟ್ಟು ಕೊಳ್ಳುವಾಗ ದರ್ಜೆ ಕೇಳಿ. ಎಂ1 ದರ್ಜೆಯ 100 ಗ್ರಾಂ ಬಟ್ಟಿನಲ್ಲಿ 5 ಮಿಲಿಗ್ರಾಂ ಹೆಚ್ಚುಕಡಿಮೆ ಇರಬಹುದು, 0.01 ತಕ್ಕಡಿಗೆ ಅಷ್ಟು ಸಾಕು. 0.001 ತಕ್ಕಡಿಗೆ ಎಫ್1 ಬೇಕು, ಅದರಲ್ಲಿ ಅರ್ಧ ಮಿಲಿಗ್ರಾಂ ಮಾತ್ರ. ಬೆರಳಿನಿಂದ ಮುಟ್ಟಬೇಡಿ, ಬೆವರು ಎಣ್ಣೆ ಅಂಟುತ್ತದೆ, ಚಿಮಟದಿಂದ ಎತ್ತಿ. ಅಂದ ಹಾಗೆ, ವ್ಯಾಪಾರಕ್ಕೆ ತೂಗುವವರು ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವ ತಕ್ಕಡಿಯನ್ನೇ ಬಳಸಬೇಕು. ಆನ್‌ಲೈನಲ್ಲಿ ಅಗ್ಗಕ್ಕೆ ಸಿಗುವ ಪಾಕೆಟ್ ತಕ್ಕಡಿ ಮನೆ ಕೆಲಸಕ್ಕೆ ಮಾತ್ರ.

ಕೆಲವರು ಒಂದು ರೂಪಾಯಿ ನಾಣ್ಯ ಇಟ್ಟು ಕ್ಯಾಲಿಬ್ರೇಟ್ ಮಾಡುತ್ತಾರೆ, ಅದು ಬೇಡ. 2011ರ ಮಾದರಿಯದ್ದು 3.79 ಗ್ರಾಂ, 2019ರದ್ದು 3.09 ಗ್ರಾಂ, ಮೇಲಿಂದ ಸವೆತ ಬೇರೆ. ಆದರೆ ದಿನದ ಪರೀಕ್ಷೆಗೆ ನಾಣ್ಯ ಅಡ್ಡಿಯಿಲ್ಲ. ಬಟ್ಟು ಇಟ್ಟು ಸರಿ ಮಾಡಿದ ದಿನವೇ ಒಂದು ನಾಣ್ಯ ತೂಗಿ, ಬಂದ ಅಂಕಿಯನ್ನು ತಕ್ಕಡಿಯ ಹಿಂಬದಿಗೆ ಚೀಟಿ ಮಾಡಿ ಅಂಟಿಸಿ, ಆ ನಾಣ್ಯ ಖರ್ಚು ಮಾಡಬೇಡಿ. ಬೆಳಿಗ್ಗೆ ಅದನ್ನಿಟ್ಟಾಗ ಅಂಕಿ ತಾಳೆಯಾಗದಿದ್ದರೆ ಅವತ್ತು ಮೊದಲು ಬಟ್ಟು, ಆಮೇಲೆ ಕೆಲಸ. ನಮಸ್ಕಾರ.