ಮಡ್ಡಿಯ ಹುಲ್ಲು, ಎರಿಭೂತದ ಮನೆ

ಕೇಳುಗರಿಗೆ ನಮಸ್ಕಾರ.

ನಮ್ಮ ಅಕ್ಕಲಕೋಟೆ ಕಡೆ ನೇಗಿಲು ಇಳಿಯದ ಗಟ್ಟಿ ನೆಲಕ್ಕೆ ಮಡ್ಡಿ ಅಂತಾರೆ. ಮರಾಠಿಯವರಿಗೆ ಅದು ಮಾಳ. ಮಳೆ ಬಿದ್ದರೆ ಮೊಣಕಾಲುದ್ದ ಹುಲ್ಲು, ಬೇಸಿಗೆಗೆ ಬರೀ ಕಲ್ಲು. ಸರ್ಕಾರಿ ಕಾಗದದ ಬಾಯಲ್ಲಿ ಬಂಜರು. ಆ ಹೆಸರೇ ಅದಕ್ಕೆ ಮುಳುವಾಯಿತು ಅಂತ ನನಗನ್ನಿಸುತ್ತದೆ.

ಸೋಲಾಪುರದಿಂದ ಬಾರ್ಶಿ ರಸ್ತೆ ಹಿಡಿದರೆ ಇಪ್ಪತ್ತು ಚಿಲ್ಲರೆ ಕಿಲೋಮೀಟರಿಗೆ ನಾನ್ನಜ್ ಸಿಗುತ್ತದೆ. ಅಲ್ಲಿನ ಹುಲ್ಲುಗಾವಲನ್ನು ಕಾದಿಟ್ಟಿರುವುದು ಎರಿಭೂತ ಅನ್ನುವ ಹಕ್ಕಿಗಾಗಿ. ಪುಸ್ತಕದವರು ಹೆಬ್ಬಕ ಅಂತಾರೆ, ಮರಾಠಿಯಲ್ಲಿ ಮಾಳಢೋಕ. ನಿಂತರೆ ಸುಮಾರು ಒಂದು ಮೀಟರ್ ಎತ್ತರ. ಗಂಡು 15 ಕಿಲೋವರೆಗೂ ತೂಗುತ್ತದೆ. ಗೂಡು ಕಟ್ಟುವ ಗೋಜಿಲ್ಲ, ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ. ಅದನ್ನು ನಾಯಿ ತಿನ್ನದೆ, ದನ ತುಳಿಯದೆ ಉಳಿದರೆ ಪುಣ್ಯ. ಕಣ್ಣು ತಲೆಯ ಎರಡು ಬದಿಗೆ ಇರುವುದರಿಂದ ಎದುರಿನ ಕರೆಂಟಿನ ತಂತಿ ತಡವಾಗಿ ಕಾಣುತ್ತದೆ. ಕಂಡರೂ ಅಷ್ಟು ಭಾರದ ಮೈ ಹೊತ್ತು ಗಕ್ಕನೆ ತಿರುಗುವುದು ಹೇಗೆ? ಇಡೀ ದೇಶದಲ್ಲಿ ಈಗ ಉಳಿದಿರುವುದು ನೂರೈವತ್ತರ ಒಳಗೆ. ಹೆಚ್ಚಿನವು ರಾಜಸ್ಥಾನದಲ್ಲಿ.

1979ರಲ್ಲಿ ಇಲ್ಲಿ ಅಭಯಾರಣ್ಯ ಆಯಿತು. ವಿಸ್ತೀರ್ಣ ಎಷ್ಟು ಗೊತ್ತಾ? 8,496 ಚದರ ಕಿಲೋಮೀಟರ್! ಅಷ್ಟು ಹುಲ್ಲು ಎಲ್ಲಿತ್ತು ಹೇಳಿ? ನಕ್ಷೆಯ ಗೆರೆಯೊಳಗೆ ಊರು, ಹೆದ್ದಾರಿ, ಜೋಳದ ಹೊಲ ಎಲ್ಲ ಸಿಕ್ಕಿಬಿದ್ದವು. ಹೊಲ ಮಾರಬೇಕಾದರೂ ತಕರಾರು. ಜನರ ಸಿಟ್ಟೆಲ್ಲ ಪಾಪದ ಹಕ್ಕಿಯ ಮೇಲೆ ತಿರುಗಿತು. 2012ರಲ್ಲಿ ಗೆರೆಯನ್ನು 1,222 ಚದರ ಕಿಲೋಮೀಟರಿಗೆ ಇಳಿಸಿದರು. ಅಷ್ಟು ಹೊತ್ತಿಗೆ ಹಕ್ಕಿ ಕಾಣುವುದೇ ಅಪರೂಪವಾಗಿತ್ತು.

ಇನ್ನೊಂದು ಮಾತು. ಬೋಳು ನೆಲ ಕಂಡರೆ ಸಾಕು, ಗಿಡ ನೆಡುವ ಹುಕಿ ನಮಗೆ. ಸುಮ್ನೆ ಬಿಡುವುದೂ ಒಂದು ಕೆಲಸ, ಅಲ್ವಾ? ಎರಿಭೂತ ದೂರದವರೆಗೆ ಕಣ್ಣಾಡಿಸಿ ಅಪಾಯ ನೋಡಿಕೊಳ್ಳುವ ಹಕ್ಕಿ. ಮರ ಎದ್ದರೆ ಅದಕ್ಕೆ ಕಣ್ಣು ಕಟ್ಟಿದಂತೆ. ಮರದ ಮೇಲೆ ಕಾಗೆ ಕೂತರೆ ಮೊಟ್ಟೆಯ ಕತೆಯೂ ಮುಗಿಯಿತು.

ಮಳೆ ಮುಗಿಯುವ ಹೊತ್ತಿಗೆ ನಾನು ಅಲ್ಲಿಗೆ ಹೋಗಿದ್ದೆ. ಎರಿಭೂತ ಕಾಣಲಿಲ್ಲ. ಕೃಷ್ಣಮೃಗದ ಹಿಂಡು ಕಂಡಿತು, ನೆತ್ತಿಯ ಮೇಲೆ ಬಾನಾಡಿ ಹಾಡುತ್ತಿತ್ತು. ದನ ಕಾಯುವ ಮುದುಕರೊಬ್ಬರನ್ನು ಕೇಳಿದೆ. ಅವರು ಕೋಲೆತ್ತಿ ದಿಬ್ಬ ತೋರಿಸಿದರು. "ಅಲ್ಲೇ ನಿಂತು ಗುಟುರು ಹಾಕ್ತಿತ್ತು ನೋಡ್ರಿ, ನಾ ಸಣ್ಣಾಂವ ಇದ್ದಾಗ."